ಕೋತಿ ಮಾತು ಮಾತಲ್ಲ

ನಮ್ಮ ದೊಡ್ಡಪ್ಪನಷ್ಟು ಕೋತಿಗಳನ್ನು ಬೈದ ಮನುಷ್ಯ ಇಡೀ ಪಾಂಡವಪುರ ತಾಲ್ಲೂಕಿನಲ್ಲೇ ಇನ್ನೊಬ್ಬ ಇರಲಾರ. ಅವನಷ್ಟು ಕೋತಿಗಳ ದಾರಿ ಕಾದು ಕೂತವನೂ ಇನ್ನೊಬ್ಬ ಇಲ್ಲ! ಬೆಳಿಗ್ಗೆ ಎದ್ದು ಕೆಲವರು ದೇವರ ಪಟ ನೋಡುತ್ತಾರೆ, ಕೆಲವರು ಅಂಗೈ ನೋಡಿಕೊಳ್ಳುತ್ತಾರೆ. ದೊಡ್ಡಪ್ಪ ಕಣ್ಣು ಬಿಟ್ಟವನೇ ಹಿತ್ತಲಿಗೆ ಬಂದು ಹೆಂಚಿನ ಕಡೆ ನೋಡುತ್ತಿದ್ದ. ಹೆಂಚಿನ ಮೇಲೊಂದು ಬಾಲ ಕಂಡರೆ ಬಾಯಿ ಬೈಯಲು ಶುರು ಮಾಡುತ್ತಿತ್ತು, ಮುಖ ಮಾತ್ರ ಅರಳುತ್ತಿತ್ತು. ಕಾಣದಿದ್ದರೆ ಅವತ್ತು ಕಾಫಿ ರುಚಿಸುತ್ತಿರಲಿಲ್ಲ. ಇದೆಂಥ ದ್ವೇಷ ಅಂತ ಕೇಳುತ್ತೀರಾ? ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನಮ್ಮ ಬಚ್ಚಲುಮನೆಯ ಹಂಡೆಯ ವಿಷಯ ಹೇಳಬೇಕು.

ನಮ್ಮಪ್ಪ, ದೊಡ್ಡಪ್ಪ ಇಬ್ಬರೇ ಅಣ್ಣತಮ್ಮಂದಿರು. ತಾತ ಕಟ್ಟಿಸಿದ್ದ ಮನೆಗೆ ನಡುವೆ ಗೋಡೆ ಎದ್ದಾಗ ನಾನಿನ್ನೂ ಎರಡನೇ ಕ್ಲಾಸು. ಗದ್ದೆ, ಕಬ್ಬಿನ ಹೊಲ, ಎತ್ತು, ಗಾಡಿ ಎಲ್ಲವೂ ನಗುನಗುತ್ತಲೇ ಪಾಲಾದವಂತೆ. ಕೊನೆಗೆ ಉಳಿದದ್ದು ನೀರು ಕಾಯಿಸುವ ತಾಮ್ರದ ಹಂಡೆ. ಬಚ್ಚಲು ನಮ್ಮ ಪಾಲಿಗೆ ಬಂದಿತ್ತು, ಹಂಡೆ ಬಚ್ಚಲ ಒಲೆಯಲ್ಲಿ ಕತ್ತಿನವರೆಗೆ ಹೂತು ಕೂತಿತ್ತು. ಕಿತ್ತು ಕೊಡು ಅಂತ ದೊಡ್ಡಪ್ಪ, ಕಿತ್ತರೆ ಒಲೆ ಬಿದ್ದುಹೋಗುತ್ತದೆ ಅಂತ ಅಪ್ಪ. ಮಾತಿಗೆ ಮಾತು ಬೆಳೆದು, ಇಬ್ಬರೂ ಮಾತು ಬಿಟ್ಟರು. ಹಂಡೆ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಹೊಗೆ ಹಿಡಿದುಕೊಂಡು ಅಲ್ಲೇ ಇತ್ತು.

ನಮ್ಮ ಕಡೆ ಮಾತು ಬಿಡುವುದು ಅಂದರೆ ಹುಡುಗಾಟವಲ್ಲ. ಅದಕ್ಕೂ ರೀತಿನೀತಿ ಇದೆ. ದಾರಿಯಲ್ಲಿ ಎದುರಾದರೆ ಹೆಗಲ ಮೇಲಿನ ಟವಲ್ಲು ಸರಿಮಾಡಿಕೊಳ್ಳುತ್ತಾ ದಾಟಬೇಕು. ಮದುವೆಮನೆಯಲ್ಲಿ ಒಂದೇ ಸಾಲಿನಲ್ಲಿ ಊಟಕ್ಕೆ ಕೂರಬಹುದು, ಆದರೆ ನಡುವೆ ಒಬ್ಬರಾದರೂ ನೆಂಟರು ಇರಬೇಕು. ಎಲ್ಲಕ್ಕಿಂತ ಮುಖ್ಯ, ಮೊದಲು ಬಾಯಿ ಬಿಟ್ಟವನು ಸೋತ ಹಾಗೆ. ಇಬ್ಬರೂ ಸೋಲುವ ಪೈಕಿಯಲ್ಲ. ಅಮ್ಮ, ದೊಡ್ಡಮ್ಮ ಇಬ್ಬರೂ ಈ ಗಂಡಸರ ಕಾನೂನಿಗೆ ಸೊಪ್ಪು ಹಾಕದೆ ಎದೆಮಟ್ಟದ ಹಿತ್ತಲ ಗೋಡೆಯ ಮೇಲೆ ಸಾರು, ಉಪ್ಪಿನಕಾಯಿ, ಊರ ಸುದ್ದಿ ಎಲ್ಲವನ್ನೂ ದಾಟಿಸಿಕೊಂಡು ಹಾಯಾಗಿದ್ದರು.

ಹೀಗೇ ವರ್ಷಗಳು ಕಳೆದು, ನಾನು ಪಿಯುಸಿಗೆ ಬಂದಾಗ, ಬೆಟ್ಟದ ಕಡೆಯಿಂದ ಒಂದು ಹಿಂಡು ಕೋತಿ ನಮ್ಮ ಬೀದಿಗೆ ಬಂದು ಬೀಡುಬಿಟ್ಟಿತು. ಒಂದು ದಿನ ಅಮ್ಮ ಹಿತ್ತಲಲ್ಲಿ ಸಂಡಿಗೆ ಒಣಹಾಕಿದ್ದಳು. ಅಪ್ಪ ಪಕ್ಕದಲ್ಲೇ ಕೂತು ಪೇಪರಿನಲ್ಲಿ ಮುಳುಗಿದ್ದ. ಗಡವ ಕೋತಿಯೊಂದು ಅಪ್ಪನ ಬೆನ್ನ ಹಿಂದಿನಿಂದ ಬಂದು ಸಂಡಿಗೆ ಮೇಯತೊಡಗಿತು. ಗೋಡೆಯಾಚೆ ನಿಂತು ನೋಡುತ್ತಿದ್ದ ದೊಡ್ಡಪ್ಪನ ಪಾಡು ನೀವು ನೋಡಬೇಕಿತ್ತು! ಹೇಳುವ ಹಾಗಿಲ್ಲ, ಹೇಳದೆ ಇರುವ ಹಾಗೂ ಇಲ್ಲ. ಕೆಮ್ಮಿದ. ಚಪ್ಪಾಳೆ ತಟ್ಟಿದ. ಕೊನೆಗೆ ಆಕಾಶಕ್ಕೆ ಮುಖ ಎತ್ತಿ, “ಯಾರ್ದೋ ಸಂಡ್ಗೆ ಎಲ್ಲಾ ಕೋತಿ ಪಾಲಾಯ್ತಾ ಐತಲ್ಲಪ್ಪೋ!” ಅಂತ ಕೂಗಿದ.

ಅಪ್ಪ ಎದ್ದು ಕೋಲು ಬೀಸಿದ. ಆಮೇಲೆ ನುಗ್ಗೆಮರಕ್ಕೆ ಹೇಳುವ ಹಾಗೆ, “ಗಡವ ಕಣಪ್ಪ. ಬಲೇ ಕಿಲಾಡಿ,” ಅಂದ.

ನಾನು ಬೆಪ್ಪಾಗಿ ನಿಂತಿದ್ದೆ. ಸಂಜೆ ಗೋಡೆಯ ಹತ್ತಿರ ಹೋಗಿ, “ದೊಡ್ಡಪ್ಪ, ಮಾತಾಡ್ಬುಟ್ರಲ್ಲ ಇಬ್ರೂವೆ!” ಅಂದೆ.

“ಯಾರವ್ವ ಮಾತಾಡಿದ್ದು?” ಅಂತ ನನ್ನನ್ನೇ ಗದರಿಕೊಂಡ. “ಅದು ಕೋತಿ ಮಾತು. ಆಂಜನೇಯಸ್ವಾಮಿ ಅಂಶ ಅದು. ಕೋತಿ ಮಾತು ಮಾತಲ್ಲ ಕಣವ್ವ.”

ಅಲ್ಲಿಗೆ ತೀರ್ಪಾಯಿತು. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನ ತೀರ್ಪು ಅಂದರೆ ಸುಮ್ಮನೆಯೇ? ಅವತ್ತಿನಿಂದ ನಮ್ಮ ಹಿತ್ತಲಲ್ಲಿ ಕೋತಿ ವಾರ್ತೆ ಶುರುವಾಯಿತು. ಯಾವ ಕೋತಿ ಯಾರ ಮನೆಗೆ ನುಗ್ಗಿತು, ಯಾವುದಕ್ಕೆ ಮರಿಯಾಯಿತು, ಯಾವುದು ಮುನಿಸಿಕೊಂಡು ಹಿಂಡು ಬಿಟ್ಟಿತು, ಎಲ್ಲಾ ದೊಡ್ಡಪ್ಪನ ಬಾಯಲ್ಲಿ. ಆಕಾಶದ ಕಡೆ ಕೂಗುತ್ತಿದ್ದವನು ಕ್ರಮೇಣ ಗೋಡೆಯ ಕಡೆ ತಿರುಗಿದ. ಅಪ್ಪನೂ ನುಗ್ಗೆಮರವನ್ನು ಬಿಟ್ಟು ಗೋಡೆಗೆ ಉತ್ತರ ಕೊಡತೊಡಗಿದ.

ಕೋತಿ ಓಡಿಸಲು ದೊಡ್ಡಪ್ಪ ಒಂದು ಕವಣೆ ಇಟ್ಟುಕೊಂಡಿದ್ದ. ಅವನ ಗುರಿ ಎಂಥದ್ದು ಅಂತೀರಿ? ಅವನು ಕವಣೆ ಎತ್ತಿದರೆ ಬೀದಿಯಲ್ಲಿ ಕೋತಿಯೊಂದನ್ನು ಬಿಟ್ಟು ಮಿಕ್ಕವರೆಲ್ಲ ಅಡಗಿಕೊಳ್ಳಬೇಕಿತ್ತು! ಕೋತಿಗಳು ಒಡೆದದ್ದಕ್ಕಿಂತ ಜಾಸ್ತಿ ಹೆಂಚನ್ನು ಅವನೇ ಒಡೆದ, ಅದೂ ನಮ್ಮ ಪಾಲಿನ ಕಡೆಯವನ್ನೇ. ಮಳೆಗಾಲದಲ್ಲಿ ಅಪ್ಪ ಸೋರುವ ಕಡೆ ಪಾತ್ರೆ ಇಡುತ್ತಾ, “ಕೋತಿ ಕಾಟ,” ಅಂತಷ್ಟೇ ಗೊಣಗಿಕೊಳ್ಳುತ್ತಿದ್ದ. ಯಾವ ಕೋತಿ ಅಂತ ಅಮ್ಮ ಕೇಳುತ್ತಿರಲಿಲ್ಲ.

ಭಾನುವಾರದ ಸಿನಿಮಾದ ದಿನ ನಡೆದದ್ದನ್ನಂತೂ ಮರೆಯುವ ಹಾಗೇ ಇಲ್ಲ. ಬಿದಿರು ಗಳದ ತುದಿಗೆ ಆಂಟೆನಾ ಕಟ್ಟಿ ಟಿ.ವಿ. ನೋಡುತ್ತಿದ್ದ ಕಾಲ. ಅವತ್ತು ಪರದೆ ತುಂಬಾ ಬರೀ ಚುಕ್ಕೆ. ನಾಯಕ ಯಾರು, ನಾಯಕಿ ಯಾರು ಗೊತ್ತಾಗುತ್ತಿಲ್ಲ. ಇದ್ದಕ್ಕಿದ್ದ ಹಾಗೆ ಚಿತ್ರ ಕನ್ನಡಿಯ ಹಾಗೆ ನಿಚ್ಚಳವಾಯಿತು! ಹೊರಗಿನಿಂದ ದೊಡ್ಡಪ್ಪನ ಕೂಗು: “ಗಡವ ಆಂಟೆನಾ ಮೇಲೆ ಕುಂತವ್ನೆ! ಒಡೀಲಾ?”

“ಒಡೀಬ್ಯಾಡ, ಒಡೀಬ್ಯಾಡ!” ಅಂತ ಅಪ್ಪ ಒಳಗಿನಿಂದ ಬಡಕೊಂಡ. “ಬತ್ತಾ ಐತೆ! ಅಲ್ಲೇ ಇರ್ಲಿ!”

ಕೋತಿ ಮೈ ಕೆರೆದುಕೊಂಡರೆ ಚಿತ್ರ ಅಲ್ಲಾಡುವುದು, ಬಾಲ ಇಳಿಬಿಟ್ಟರೆ ದನಿ ಬರುವುದು. “ವಸಿ ಎಡಕ್ಕೆ!” ಅಂತ ಅಪ್ಪ. “ಎಡಕ್ಕೆ ತಿರುಗ್ಲಾ, ನಿನ್ ಮನೆ ಆಳಾಗ!” ಅಂತ ದೊಡ್ಡಪ್ಪ. ಎರಡು ಗಂಟೆ ಕಾಲ ದೊಡ್ಡಪ್ಪ ಬಿಸಿಲಲ್ಲಿ ನಿಂತು ಒಂದೊಂದೇ ಕಡಲೆಕಾಯಿ ಎಸೆದು ಆ ಗಡವನನ್ನು ಆಂಟೆನಾ ಮೇಲೆ ಕಾಪಾಡಿದ. ಸಿನಿಮಾ ಮುಗಿಯಿತು. ನಾವೆಲ್ಲ ಪೂರ್ತಿ ನೋಡಿದೆವು, ಅವನೊಬ್ಬ ಒಂದು ಸೀನೂ ನೋಡಲಿಲ್ಲ. “ಕತೆ ಏನಾಯ್ತಂತೆ?” ಅಂತ ಸಂಜೆ ನನ್ನನ್ನು ಕೇಳಿದ. ಅಪ್ಪನನ್ನು ಕೇಳುವ ಹಾಗಿರಲಿಲ್ಲವಲ್ಲ, ಸಿನಿಮಾ ಕೋತಿ ವಿಷಯವಲ್ಲ!

ಇನ್ನು ಮುದ್ದೆಯ ಪ್ರಸಂಗ. ಕೋತಿಗಳು ಮನೆಗೆ ನುಗ್ಗುವುದು ಹಸಿವಿನಿಂದ, ಹೊತ್ತಾರೆ ಒಂದು ಮುದ್ದೆ ಒಳಗೆ ಹೋದರೆ ಸಂಜೆವರೆಗೆ ಸುಮ್ಮನಿರುತ್ತವೆ ಅಂತ ದೊಡ್ಡಪ್ಪನಿಗೆ ಹೊಳೆಯಿತು. ದೊಡ್ಡಮ್ಮನ ಕೈಲಿ ಐದು ಮುದ್ದೆ ಕಟ್ಟಿಸಿದ. ಮರಿಕೋತಿಯೊಂದು ಒಂದು ತುತ್ತು ಕಿತ್ತುಕೊಂಡು ಬಾಯಿಗೆ ಹಾಕಿ ಅಗಿಯಿತು. ಅಗಿದರೆ ಮುದ್ದೆ ಬಿಡುತ್ತದೆಯೇ? ಹಲ್ಲಿಗೆ ಮೆತ್ತಿಕೊಂಡು, ಬೆರಳು ಹಾಕಿ ಕಿತ್ತು, ಬೆರಳಿಗೂ ಮೆತ್ತಿಕೊಂಡು ಚೀರತೊಡಗಿತು. “ಅಯ್ಯೋ, ಅಗಿಬ್ಯಾಡ ಕಣ್ಲಾ! ನುಂಗು, ನುಂಗ್ಲಾ!” ಅಂತ ದೊಡ್ಡಪ್ಪ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪಾಠ ಶುರುಮಾಡಿದ. ತುತ್ತು ಮುರಿದ, ಸೊಪ್ಪಿನ ಸಾರಿಗೆ ಅದ್ದಿದ, ಗುಳಕ್ಕನೆ ನುಂಗಿ ತೋರಿಸಿದ. ಕೋತಿಗಳು ಸಾಲಾಗಿ ಕೂತು ನೋಡಿದವು. ಇನ್ನೊಮ್ಮೆ ತೋರಿಸಿದ. ಮತ್ತೊಮ್ಮೆ. ಹೀಗೆ ತೋರಿಸುತ್ತಾ ತೋರಿಸುತ್ತಾ ಐದು ಮುದ್ದೆಯೂ ಮುಗಿದವು.

ಗೋಡೆಯೀಚೆಯಿಂದ ಅಪ್ಪ ಕೇಳಿದ: “ಕೋತಿಗೆ ಒಟ್ಟೆ ತುಂಬ್ತಾ?”

ಉತ್ತರವಾಗಿ ಡರ್ರನೆ ತೇಗು ಬಂತು. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದುದನ್ನು ನಾನು ಕಂಡೆ. ಆ ನಗುವನ್ನು ಅಮ್ಮನೂ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಆದರೆ ಬೀದಿಯವರ ಸಹನೆಗೂ ಒಂದು ಮಿತಿ ಬೇಡವೇ? ಎದುರುಮನೆಯ ಟೀಚರಮ್ಮ ಏಳನೇ ಕ್ಲಾಸಿನ ಉತ್ತರಪತ್ರಿಕೆಗಳನ್ನು ಜಗಲಿಯ ಮೇಲಿಟ್ಟು ನೀರು ಕುಡಿಯಲು ಒಳಗೆ ಹೋಗಿದ್ದರು. ಅಷ್ಟರಲ್ಲಿ ಕೋತಿಗಳು ಅಷ್ಟನ್ನೂ ಬೀದಿಯ ಉದ್ದಕ್ಕೂ ಹಂಚಿಬಿಟ್ಟವು! ಆ ವರ್ಷ ಗಣಿತದಲ್ಲಿ ಎಲ್ಲರೂ ಪಾಸು. ಸಂಜೆ ಜಗಲಿಯಲ್ಲಿ ಸಭೆ ಸೇರಿತು. ಕೋತಿ ಹಿಡಿಸಲೇಬೇಕು, ಅರ್ಜಿ ಕೊಡಲೇಬೇಕು. ಅರ್ಜಿ ಬರೆಯಲು ದೊಡ್ಡಪ್ಪನನ್ನು ಬಿಟ್ಟರೆ ಇನ್ನಾರು? ಎಲ್ಲರಿಗಿಂತ ಜಾಸ್ತಿ ಬೈಯುವವನು ಅವನೇ ತಾನೆ?

ದೊಡ್ಡಪ್ಪ ಮಾತು ಹಿಂದಕ್ಕೆ ತೆಗೆದುಕೊಳ್ಳಲಾರದೆ ಬರೆಯಲು ಕೂತ. ಮೂರು ದಿನ ಬರೆದ. ಅರ್ಜಿಯ ಮೊದಲ ಪುಟದಲ್ಲಿ ಕೋತಿಗಳ ಹಾವಳಿ, ಎರಡನೇ ಪುಟದಲ್ಲಿ ಅವುಗಳ ಬುದ್ಧಿವಂತಿಕೆ! ಎರಡನೇ ಪುಟ ಬೇಡ ಅಂತ ಟೀಚರಮ್ಮ ಕಿತ್ತು ಹಾಕಿದರು. ರುಜು ಹಾಕಿಸಲು ಮನೆಮನೆಗೆ ಹೊರಟವನು ನಮ್ಮ ಬಾಗಿಲಿಗೂ ಬಂದ. ಗೋಡೆ ಎದ್ದಮೇಲೆ ಅವನು ಆ ಹೊಸಿಲು ತುಳಿದದ್ದು ಅದೇ ಮೊದಲು. ಕೋತಿ ವಿಷಯ ತಾನೆ, ಅಡ್ಡಿಯಿರಲಿಲ್ಲ. ಅಪ್ಪ ಅರ್ಜಿ ತೆಗೆದುಕೊಂಡ, ಬಹಳ ಹೊತ್ತು ಓದಿದ. ಉಳಿದಿದ್ದ ಒಂದೇ ಪುಟವನ್ನು ಅಷ್ಟು ಹೊತ್ತು ಯಾಕೆ ಓದಿದನೋ ನನಗಾಗ ತಿಳಿಯಲಿಲ್ಲ. ಕೊನೆಗೆ ರುಜು ಹಾಕಿದ. ಅಮ್ಮ ಕೊಟ್ಟ ಕಾಫಿ ಕುಡಿದು ದೊಡ್ಡಪ್ಪ ಎದ್ದು ಹೋದ.

ಹಿಡಿಯುವವರು ವ್ಯಾನಿನಲ್ಲಿ ಬಂದರು. ಬೋನಿನಲ್ಲಿ ಬಾಳೆಹಣ್ಣು ಕಟ್ಟಿ ಎರಡು ದಿನದಲ್ಲಿ ಹಿಂಡನ್ನೆಲ್ಲ ಹಿಡಿದರು. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ದೊಡ್ಡಪ್ಪ ವ್ಯಾನಿನ ಪಕ್ಕ ನಿಂತು, “ವಸಿ ನಿಧಾನಕ್ಕೆ ಎತ್ರಪ್ಪಾ, ಮರಿ ಅವೆ,” ಅನ್ನುತ್ತಿದ್ದ. ಕಾಡಿಗೆ ಬಿಡುತ್ತೇವೆ ಅಂತ ಹೇಳಿ ವ್ಯಾನು ಹೊರಟುಹೋಯಿತು.

ಮಾರನೆಯ ದಿನದಿಂದ ಸಂಡಿಗೆ ನೆಮ್ಮದಿಯಾಗಿ ಒಣಗಿತು. ನಮ್ಮ ಹಿತ್ತಲು ಮಾತ್ರ ಒಣಗಿಹೋಯಿತು. ಬೆಳಿಗ್ಗೆ ಇಬ್ಬರೂ ಎಂದಿನಂತೆ ಬರುವರು, ಹೆಂಚಿನ ಕಡೆ ನೋಡುವರು, ಕೆಮ್ಮುವರು, ಒಳಗೆ ಹೋಗುವರು. ದೊಡ್ಡಪ್ಪ ಸುಮ್ಮನಿರುವವನಲ್ಲ, ಬೇರೆ ಪ್ರಾಣಿಗಳನ್ನು ಹಿಡಿದು ನೋಡಿದ. “ಮುಂಗ್ಸಿ ಓಯ್ತಾ ಐತೆ!” ಅಂತ ಒಂದು ದಿನ. “ತೆಂಗಿನಮರದಲ್ಲಿ ಗೂಬೆ!” ಅಂತ ಇನ್ನೊಂದು ದಿನ. ಅಪ್ಪ ತಲೆ ಎತ್ತುವನು, ತುಟಿ ಅಲುಗುವುದು, ಅಷ್ಟೆ. ತೀರ್ಪು ಆಗಿದ್ದುದು ಕೋತಿಗೆ ಮಾತ್ರ, ಮುಂಗುಸಿಗೆ ಉತ್ತರ ಕೊಟ್ಟರೆ ಸೋತ ಹಾಗೆ! ತನ್ನ ಕಾನೂನಿಗೆ ತಾನೇ ಸಿಕ್ಕಿಬಿದ್ದ ಗುಮಾಸ್ತನನ್ನು ನೋಡಿ ಮೊದಮೊದಲು ನನಗೆ ನಗು ಬರುತ್ತಿತ್ತು. ತಿಂಗಳಾಗುವ ಹೊತ್ತಿಗೆ ನಗು ನಿಂತಿತು. “ನಿಮ್ ದೊಡ್ಡಪ್ಪಂಗೆ ಊಟವೇ ಸೇರ್ತಿಲ್ಲ ಕಣವ್ವ,” ಅಂದಳು ದೊಡ್ಡಮ್ಮ. ನಮ್ಮ ಮನೆಯಲ್ಲೂ ಅಪ್ಪ ತಟ್ಟೆ ಬಿಟ್ಟು ಏಳುತ್ತಿದ್ದ. ಇಬ್ಬರನ್ನೂ ಹಿಡಿದು ಒಂದೇ ಬೋನಿಗೆ ಹಾಕಬಾರದೇ ಅನ್ನಿಸುವಷ್ಟು ಸಿಟ್ಟು, ಸಂಕಟ ನನಗೆ.

ಒಂದು ಬೆಳಿಗ್ಗೆ ಅಪ್ಪ ಹಿತ್ತಲಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ಗಡ್ಡ ಹೆರೆದುಕೊಳ್ಳಲು ಕೂತಿದ್ದ. ಗೋಡೆಯಾಚೆಯಿಂದ ಕೂಗು ಬಂತು.

“ಕೋತಿ! ಕೋತಿ ಬಂದೈತೆ!”

ಅಪ್ಪ ರೇಜರು ಬಿಸಾಕಿ ಗೋಡೆಯ ಹತ್ತಿರ ಓಡಿದ. ನಾನೂ ಓಡಿದೆ. ದೊಡ್ಡಪ್ಪ ಕೈ ಚಾಚಿ ಹೆಂಚಿನ ತುದಿ ತೋರಿಸುತ್ತಿದ್ದ. ಅಲ್ಲಿ ಏನೂ ಇರಲಿಲ್ಲ. ನುಗ್ಗೆಮರ ನೋಡಿದೆ, ಆಂಟೆನಾ ನೋಡಿದೆ. ಒಂದು ಕಾಗೆಯೂ ಇಲ್ಲ. ದೊಡ್ಡಪ್ಪ ಕೈ ಇಳಿಸಲಿಲ್ಲ. ಅವನ ಕಣ್ಣು ಹೆಂಚಿನ ಕಡೆ ಇರಲೇ ಇಲ್ಲ, ಅಪ್ಪನ ಮುಖದ ಮೇಲಿತ್ತು.

ಅಪ್ಪ ಬರಿಯ ಹೆಂಚನ್ನು ನೋಡಿದ. ಆ ಚಾಚಿದ ಕೈಯನ್ನು ನೋಡಿದ. “ಎಲ್ಲಪ್ಪ?” ಅಂತ ನಾನು ಬಾಯಿ ತೆರೆಯುವುದರೊಳಗೆ ನನ್ನ ಭುಜ ಹಿಡಿದು ಸುಮ್ಮನಾಗಿಸಿದ.

“ಊಂ ಕಣಣ್ಣ,” ಅಂದ. ಅಣ್ಣ ಅನ್ನುವ ಮಾತು ಅಪ್ಪನ ಬಾಯಲ್ಲಿ ಬಂದದ್ದನ್ನು ನಾನು ಬುದ್ಧಿ ಬಂದಮೇಲೆ ಕೇಳಿಯೇ ಇರಲಿಲ್ಲ. “ದೊಡ್ಡದೇ ಬಂದೈತೆ.”

ಅಪ್ಪನ ಕೆನ್ನೆಯ ಮೇಲಿನ ಸೋಪು ಒಣಗಿ ಬಿಳಿಚಿಕೊಳ್ಳುವವರೆಗೂ ಇಬ್ಬರೂ ಗೋಡೆಗೆ ಮೊಣಕೈ ಊರಿ ಆ ಕೋತಿಯನ್ನು ನೋಡುತ್ತಾ ನಿಂತಿದ್ದರು.