ಭಾವನವರ ಮೂಗೂ ದೇವದಾರಿನ ಸೆಂಟೂ

ನಮ್ಮ ಭಾವನವರ ಮೂಗಿಗೆ ಚಿನ್ನದ ಗಣಿಯಲ್ಲಿ ಕೆಲಸವಿತ್ತು. ಉಳಿದ ದೇಹ ಅದರ ಜೊತೆಯಲ್ಲಿ ಹೋಗಿ ಬರುತ್ತಿತ್ತು, ಅಷ್ಟೆ! ಇದನ್ನು ಉತ್ಪ್ರೇಕ್ಷೆ ಎಂದು ತಿಳಿಯುವವರು ಉರಿಗಾಂನ ಯಾವ ಹಳಬನನ್ನಾದರೂ ವಿಚಾರಿಸಬಹುದು. "ಮರದ ಮೇಸ್ತ್ರಿಯವರ ಮನೆ ಯಾವುದು?" ಎಂದರೆ ತಲೆ ಕೆರೆದುಕೊಳ್ಳುತ್ತಿದ್ದ ಜನ, "ಮೂಗಿನ ಮೇಸ್ತ್ರಿ" ಎಂದ ಕೂಡಲೇ ಬಾಗಿಲ ತನಕ ಬಂದು ಬಿಟ್ಟುಹೋಗುತ್ತಿದ್ದರು.

ವಿಷಯವನ್ನು ಕ್ರಮವಾಗಿ ಹೇಳುತ್ತೇನೆ. ನೆಲದಾಳದಲ್ಲಿ ಸುರಂಗ ಕೊರೆದ ಕಡೆಯಲ್ಲೆಲ್ಲ, ಮೇಲಿನ ಬಂಡೆ ಕುಸಿಯದಂತೆ ಮರದ ದಿಮ್ಮಿಗಳನ್ನು ಕಂಬವಾಗಿ ನಿಲ್ಲಿಸುತ್ತಾರೆ. ಕಂಬ ಗಟ್ಟಿಯೋ, ಒಳಗೊಳಗೇ ಕೊಳೆತಿದೆಯೋ ಎಂದು ತೀರ್ಮಾನಿಸುವುದು ನನ್ನ ಅಕ್ಕನ ಗಂಡನಾದ ಈ ಮಹಾಶಯರ ಕೆಲಸ. ಅವರು ದಿಮ್ಮಿಗೆ ಮೂಗು ತಗುಲಿಸಿ, ಕಣ್ಣು ಮುಚ್ಚಿ, "ಸೈ" ಎಂದರೆ ಮಾತ್ರ ಗ್ಯಾಂಗಿನ ಆಳುಗಳು ಅದರ ಅಡಿಗೆ ಕಾಲಿಡುತ್ತಿದ್ದರು. ಆ ಮೂಗಿನ ಮೇಲೆ ಮೇಸ್ತ್ರಿಗಿರಿ ನಿಂತಿತ್ತು. ಆ ಮೇಸ್ತ್ರಿಗಿರಿಯ ಮೇಲೆ ಗಣಿಯವರು ಕೊಟ್ಟ ಎರಡು ಕೋಣೆಯ ಮನೆ ನಿಂತಿತ್ತು. ಇಂಥ ಮೂಗನ್ನು ಜೋಪಾನ ಮಾಡಬೇಕಾದ ಮನುಷ್ಯ ಅದರ ಆಸುಪಾಸಿನಲ್ಲೇ ಸೆಂಟು ಬಳಿದುಕೊಂಡು, ಆ ಸೆಂಟಿಗಾಗಿ ಮೇಸ್ತ್ರಿಗಿರಿಯನ್ನೇ ಪಣಕ್ಕಿಟ್ಟರೆಂದರೆ ಏನು ಹೇಳೋಣ?

ಗಣಿಗಳು ಇಂಗ್ಲಿಷರ ಕೈಬಿಟ್ಟು ಸರ್ಕಾರದ ಕೈಗೆ ಬರುತ್ತಿದ್ದ ಕಾಲವದು. ತಾಯ್ನಾಡಿಗೆ ಹೊರಟಿದ್ದ ದೊರೆಯೊಬ್ಬರು ತಮ್ಮ ಸಾಮಾನುಗಳನ್ನು ಹಂಚುತ್ತ, ಒಬ್ಬನಿಗೆ ಟೊಪ್ಪಿಯನ್ನೂ ಇನ್ನೊಬ್ಬನಿಗೆ ನಾಯಿಯನ್ನೂ ಕೊಟ್ಟು, ಭಾವನವರಿಗೆ "ಇದು ನಿನ್ನ ಮೂಗಿಗೆ" ಎಂದು ಕಂದು ಗಾಜಿನ ಒಂದು ಬಾಟಲಿಯನ್ನು ದಯಪಾಲಿಸಿದರು. ಅದರ ಮೇಲೆ ದೇವದಾರು ಮರದ ಚಿತ್ರ. ಗಂಡಸರಿಗೆಂದೇ ಮಾಡಿದ ಸೆಂಟು! ಮದುವೆಮನೆಯ ಪನ್ನೀರು, ಅತ್ತರುಗಳನ್ನು ಬಿಟ್ಟು ಬೇರೆ ಸುಗಂಧವನ್ನು ಕಾಣದ ನಮಗೆ, ಮರದ ವಾಸನೆಯನ್ನು ಮೈಗೆ ಹಚ್ಚಿಕೊಳ್ಳುವವರೂ ಇದ್ದಾರೆಂದು ತಿಳಿದದ್ದೇ ಆಗ.

ಭಾವನವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಮುಚ್ಚಳ ತೆಗೆದು ಮೊದಲು ನನಗೆ ಮೂಸಿಸಿದರು. ನನ್ನ ಮುಖವನ್ನು ನೋಡಿದರು. ಆಮೇಲೆ ತಾವು ಮೂಸಿ ತೀರ್ಪು ಕೊಟ್ಟರು.

"ಒಳ್ಳೆ ಮರ ಕಣ್ಲಾ. ಐವತ್ತೊರ್ಷದ ತಿರುಳು. ನೆಳ್ಳಾಗೆ ಒಣಗ್ಸವ್ರೆ. ಇದರ ಕೆಳೀಕ್ ಯಾವನ್ ಬೇಕಾದ್ರೂ ಧೈರ್ಯವಾಗಿ ಕುಂತ್ಕೋಬೌದು."

ಸೆಂಟಿನ ಕೆಳಗೆ ಕುಳಿತುಕೊಳ್ಳುವ ವಿಧಾನ ಹೇಗೆಂದು ಕೇಳುವ ಧೈರ್ಯ ಮಾತ್ರ ನನಗಾಗಲಿಲ್ಲ.

ನಾನು ಆಗ ಬಂಗಾರಪೇಟೆಯ ಶಾಲೆಯೊಂದರಲ್ಲಿ ಉಪಾಧ್ಯಾಯ. ಕಂಡ ತಪ್ಪನ್ನು ತಿದ್ದದೆ ಬಿಟ್ಟರೆ ಉಂಡ ಅನ್ನ ಅರಗದ ಸ್ವಭಾವ. "ಭಾವ, ಇದು ಪೆನ್ಸಿಲ್ ಕೆತ್ತಿದ ವಾಸನೆ" ಎಂದುಬಿಟ್ಟೆ. ಅವರು ಮುಂದಿನ ಭಾನುವಾರ ಮಾರಿಕುಪ್ಪಂ ರೈಲಿನಲ್ಲಿ ಬಾಟಲಿಸಮೇತ ನಮ್ಮ ಮನೆಗೆ ಬಂದಿಳಿದು, ನನ್ನಿಂದ ಒಂದು ಹೊಸ ಪೆನ್ಸಿಲನ್ನು ಕೆತ್ತಿಸಿ, ಹೊಟ್ಟನ್ನು ಒಂದು ಅಂಗೈಯಲ್ಲೂ ಬಾಟಲಿಯನ್ನು ಇನ್ನೊಂದರಲ್ಲೂ ಹಿಡಿದು ಸರದಿಯ ಮೇಲೆ ಮೂಸಿದರು.

"ಎರಡೂ ಒಂದೇ ಜಾತಿ, ಮೇಷ್ಟ್ರೇ. ಆದ್ರೆ ನಿಮ್ದಕ್ಕೆ ಇನ್ನೂ ಮೀಸೆ ಬಂದಿಲ್ಲ."

ಅವರಿಗೆ ಪ್ರೀತಿ ಬಂದಾಗ ನಾನು 'ಲಾ'. ಕೋಪ ಬಂದಾಗ 'ಮೇಷ್ಟ್ರೇ'!

ಸೆಂಟು ಹಚ್ಚುವುದಕ್ಕೆ ಒಂದು ವಿಧಿಯಿತ್ತು. ಕೆಲಸ ಮುಗಿಸಿ ಮೇಲೆ ಬಂದು, ಗಣಿಯ ಬಚ್ಚಲಲ್ಲಿ ಸ್ನಾನ ಮಾಡಿ, ಎರಡು ಕಿವಿಗಳ ಹಿಂದೆ ಒಂದೊಂದು ಹನಿ, ಅಂಗಿಯ ಕತ್ತುಪಟ್ಟಿಗೆ ಒಂದು. ಮಳೆಯಿರಲಿ, ಬಿಸಿಲಿರಲಿ, ಇದಾಗದೆ ಮನೆಯ ಹೊಸ್ತಿಲು ದಾಟಿದವರಲ್ಲ. ವಾಸನೆ ಮರುದಿನದ ತನಕ ನಿಲ್ಲುತ್ತಿತ್ತು. ಬೆಳಗ್ಗೆ ಲಿಫ್ಟಿನ ಬೋನಿನಲ್ಲಿ ಒತ್ತೊತ್ತಾಗಿ ನಿಂತು ಗಣಿಗಿಳಿಯುವ ಜನ, "ಮೇಸ್ತ್ರಿ ಬಂದ್ರೆ ಸೀರೆ ಪೆಟ್ಟಿಗೇಲಿ ಕುಂತು ಇಳ್ದಂಗಾಯ್ತದಪ್ಪಾ" ಎಂದು ನಗುತ್ತಿದ್ದರು.

ತಮ್ಮದಾಯಿತು, ಇತರರ ಸೆಂಟಿನ ತನಿಖೆಯೂ ಅವರದೇ. ಒಮ್ಮೆ ರೈಲಿನಲ್ಲಿ ಅತ್ತರು ಪೂಸಿಕೊಂಡ ಮದುಮಗನೊಬ್ಬ ನಮ್ಮೆದುರು ಕುಳಿತ. ಭಾವನವರು ಅಕ್ಕಪಕ್ಕದವರ ಮುಖಗಳನ್ನೆಲ್ಲ ಒಮ್ಮೆ ನೋಡಿ, ಆ ಹುಡುಗನ ಕಡೆಗೆ ಬಾಗಿ ಉಸಿರೆಳೆದು ಘೋಷಿಸಿದರು: "ಬರೀ ಹೂವು! ಬೊಡ್ಡೇನೇ ಇಲ್ಲ. ಬಂಗಾರಪೇಟೆ ತಂಕ ನಿಲ್ಲಾಕಿಲ್ಲ." ಮದುಮಗನೇ ನಿಲ್ಲಲಿಲ್ಲ, ಕೋರಮಂಡಲದಲ್ಲಿ ಇಳಿದು ಬೇರೆ ಡಬ್ಬಿ ಹತ್ತಿಕೊಂಡ.

ಇನ್ನು ನನ್ನ ವಧುಪರೀಕ್ಷೆ. ಬಂಗಾರಪೇಟೆಯ ಹತ್ತಿರದ ಹಳ್ಳಿ. ಹೊಲ, ಹಸು, ಎಮ್ಮೆ ಎಲ್ಲ ಇದ್ದ ಮನೆ. ಹೊರಡುವ ಮುಂಚೆ ಭಾವನವರು "ನಿನ್ನ ಮೊಕ ನೋಡಿ ಯಾವಳೂ ಒಪ್ಪಲ್ಲ, ವಾಸ್ನೆಗಾದ್ರೂ ಒಪ್ಲಿ" ಎಂದು ಧಾರಾಳವಾಗಿ ಆರು ಹನಿ ಬಳಿದರು. ನಾನು ಗಂಭೀರವಾಗಿ ಚಾಪೆಯ ಮೇಲೆ ಕುಳಿತಿದ್ದೇನೆ. ಒಳಗಿನಿಂದ, ಹುಡುಗಿಯ ಕಣ್ಣು ಮಂಜಾದ ಅಜ್ಜಿ ಗೋಡೆ ಹಿಡಿದುಕೊಂಡು ಬಂದು, ಮೂಗರಳಿಸಿ ನಿಂತಳು.

"ಯಾರ್ಲಾ ಅದು, ಒಸಾ ಬೀರು ತಂದೋರು? ದಾರೀಗೆ ಅಡ್ಡ ಇಟ್ಟವ್ರಲ್ಲ, ಮೂಲೇಗೆ ತಳ್ರೋ!"

"ಬೀರು ಅಲ್ಲಜ್ಜೀ, ಗಂಡು" ಎಂದರು ಭಾವನವರು. "ಆದ್ರೂ ಗಟ್ಟಿ ಮರ."

"ಗೆದ್ಲು ಇಡ್ಯಾಕಿಲ್ಲ ತಾನೆ?"

"ಅದಕ್ಕೆ ನಾನು ಜವಾಬ್ದಾರಿ."

ಬಾಗಿಲ ಹಿಂದೆ ಹುಡುಗಿ ನಕ್ಕ ಸದ್ದು ಕೇಳಿಸಿತು. ಮದುವೆ ಗೊತ್ತಾಯಿತು. ಇವತ್ತಿಗೂ ನನ್ನ ಹೆಂಡತಿಗೆ ಸಿಟ್ಟು ಬಂದರೆ ನಾನು ಬೀರುವೇ!

ಹೀಗೆ ನಗುನಗುತ್ತ ಸಾಗುತ್ತಿದ್ದ ಕಾಲಕ್ಕೆ ಹೊಸ ಫೋರ್‌ಮನ್ ಬಂದರು. ಮದರಾಸಿನ ಕಡೆಯವರು, ಕಟ್ಟುನಿಟ್ಟಿನ ಮನುಷ್ಯ. ಮೊದಲ ದಿನವೇ ಬೋನಿನ ಬಳಿ ಭಾವನವರನ್ನು ತಡೆದು ಮೂಗು ಹಿಡಿದುಕೊಂಡರು.

"ಎನ್ನಯ್ಯಾ ಇದು, ಕಲ್ಯಾಣ ಮಂಟಪಮಾ? ಮರ ಮೂಸೋ ಆಳು ನೀನು. ನಿನ್ನ ಮೈಯೇ ಮರದ ವಾಸನೆ ಹೊಡೆದರೆ ಕೊಳೆತ ಮರ ಹೇಗಯ್ಯಾ ಗೊತ್ತಾಗುತ್ತೆ?"

"ಎಂಡ್ರು ಪಕ್ಕದಾಗೇ ಮಾತಾಡ್ತಿದ್ರೂ ಗಣಿ ಸೈರನ್ ಕೇಳಿಸ್ತೈತಲ್ಲ ಸಾ, ಅಂಗೇಯ."

ಸುತ್ತಲಿನವರು ನಕ್ಕರು, ಫೋರ್‌ಮನ್ ನಗಲಿಲ್ಲ. ಒಂದೋ ಸೆಂಟು ಬಿಡಬೇಕು, ಇಲ್ಲವೇ ಮೇಸ್ತ್ರಿಗಿರಿ ಬಿಡಬೇಕು ಎಂದರು. ಭಾವನವರು ಪರೀಕ್ಷೆಯಾಗಲಿ ಎಂದು ಹಟ ಹಿಡಿದರು. ಎರಡು ವಾರದ ಗಡುವು. ಗೆದ್ದರೆ ಸೆಂಟು ಹಚ್ಚಿಕೊಂಡೇ ಕೆಲಸ. ಸೋತರೆ ಮೇಸ್ತ್ರಿಗಿರಿ, ಮನೆ ಎರಡೂ ಇಲ್ಲ, ತಳ್ಳುಗಾಡಿಯ ಕೂಲಿ.

ಸುದ್ದಿ ಕೇಳಿ ನಾನು ಉರಿಗಾಂಗೆ ಓಡಿ ಬೋಧನೆ ಮಾಡಿದೆ. "ಭಾವ, ಒಂದು ಬಾಟಲಿಗಾಗಿ ಸಂಸಾರವನ್ನು ಬೀದಿಗೆ ತರುತ್ತೀರಾ?" ಎಂದೆ. "ನಿಮ್ ಪಾಠ ಇಸ್ಕೂಲಾಗಿರ್ಲಿ ಮೇಷ್ಟ್ರೇ" ಎಂದರು. ಅಕ್ಕನನ್ನು ಕೇಳಿದರೆ, "ಸೆಂಟಿನ್ ವಿಚಾರ ನಂಗ್ ಬಿಡು" ಎಂದು ಒಳಗೆ ಹೋದಳು. ಇಬ್ಬರಿಗೂ ಬುದ್ಧಿ ಕೆಟ್ಟಿದೆಯೆಂದುಕೊಂಡು ಮರಳಿದೆ.

ಪರೀಕ್ಷೆಯ ದಿನ ರಜೆ ಹಾಕಿ ಹೋದೆ. ಭಾವನವರ ಗಣಿ ಮೈಸೂರು ಮೈನ್ಸಿನ ದಿಮ್ಮಿ ಪೇರಿಸುವ ಅಂಗಳ. ಆಗಷ್ಟೇ ಕೊಯ್ದ ನೀಲಗಿರಿಯ ಘಾಟು. ಭಾವನವರು ಗೇಟಿನಲ್ಲಿ ನಿಂತು, ಎಲ್ಲರಿಗೂ ಕಾಣುವಂತೆ ಬಾಟಲಿ ತೆಗೆದು, ಕಿವಿಗಳ ಹಿಂದೆ ಹನಿ ಹಚ್ಚಿಕೊಂಡೇ ಒಳಗೆ ನಡೆದರು. ಆರು ದಿಮ್ಮಿಗಳನ್ನು ಮಲಗಿಸಲಾಗಿತ್ತು. ಅವರ ಕಣ್ಣಿಗೆ ಟವೆಲು ಕಟ್ಟಲಾಯಿತು. ಅವರು ಮೊದಲನೆಯದರ ಮೇಲೆ ಮೂಗಿಟ್ಟು, ಹಸುವಿನ ಬೆನ್ನು ತಟ್ಟುವಂತೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, "ಸೈ" ಎಂದರು. ಎರಡನೆಯದು, "ಅಸಿ." ಮೂರನೆಯದು, "ಇದರ ಒಟ್ಟೆ ಟೊಳ್ಳು." ನಾಲ್ಕು, ಐದು, ಹೇಳಿದ್ದೆಲ್ಲವೂ ಸರಿ. ಆರನೆಯದರಲ್ಲಿ ತಡವರಿಸಿದರು.

"ಕಾಲ್ ತೆಗೀರಿ ಸಾ" ಎಂದರು ಭಾವನವರು. "ನೀವು ತುಳ್ಕೊಂಡಿದ್ರೆ ಸದ್ದು... ವಾಸ್ನೆ ಸರ್ಯಾಗ್ ಬರಲ್ಲ."

ದಿಮ್ಮಿಯ ತುದಿಯ ಮೇಲೆ ಬೂಟಿಟ್ಟು ನಿಂತಿದ್ದ ಫೋರ್‌ಮನ್ ಕಾಲು ತೆಗೆದರು. ತಟ್, ತಟ್. "ಗೆದ್ಲು." ಆರಕ್ಕೆ ಆರು! ಗ್ಯಾಂಗಿನವರು ಶಿಳ್ಳೆ ಹಾಕಿದರು. ಫೋರ್‌ಮನ್ ನನ್ನ ಬಳಿಗೆ ಬಂದು ಮೆಲ್ಲಗೆ ಹೇಳಿದರು: "ನಿಮ್ಮ ಭಾವ ರೋಷಗಾರ. ಬಾಟಲಿ ತೋರಿಸ್ತಾನೆ ಅಷ್ಟೇ. ಎರಡು ವಾರದಿಂದ ಒಂದು ಹನಿ ಸೆಂಟೂ ಹಾಕಿಲ್ಲ. ನನಗೆ ಗೊತ್ತಿಲ್ಲವಾ?"

ನಾನು ತಬ್ಬಿಬ್ಬಾದೆ. ಹಚ್ಚಿಕೊಂಡದ್ದನ್ನು ಈಗಷ್ಟೇ ನನ್ನ ಕಣ್ಣಾರೆ ಕಂಡಿದ್ದೆನಲ್ಲ!

ಮನೆಯ ದಾರಿಯಲ್ಲಿ ಇಬ್ಬರೇ ಆದಾಗ ಕೇಳಿದೆ. "ಭಾವ, ಆರನೆಯ ದಿಮ್ಮಿಗೆ ಮೊದಲು 'ಸದ್ದು' ಎಂದಿರಿ."

ಅವರು ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

"ಮೂಗ್ ಓಗಿ ಐದೊರ್ಷ ಆಯ್ತು ಕಣ್ಲಾ. ಸಿಡಿಮದ್ದಿನ ಒಗೆ ಕುಡ್ದೆ ಒಂದ್ಸಲ, ಆವತ್ತೇ ಓಯ್ತು. ದೊರೆ ಬಾಟ್ಲಿ ಕೊಡೋಕ್ ಮುಂಚೇನೇ. ಗೆಣ್ಣಾಗೇ ಎಲ್ಲಾ ಗೊತ್ತಾಯ್ತದೆ ನಂಗೆ. ಆದ್ರೆ ಗ್ಯಾಂಗಿನೋರಿಗೆ ನಂಬ್ಕೆ ಮೂಗಿನ್ ಮ್ಯಾಲೆ. ನಿಜ ಏಳಿದ್ರೆ ಅವ್ರು ಬೋನೇ ಅತ್ತಾಕಿಲ್ಲ."

"ಅಕ್ಕನಿಗೂ ಹೇಳಲಿಲ್ಲವೇ?"

"ಇಲ್ಲ. ಭಯ ಬೀಳ್ತಾಳೆ."

"ಹಾಗಾದರೆ ಈ ಸೆಂಟು ಯಾಕೆ ಭಾವ? ಅದರ ವಾಸನೆ ಹೇಗಿದೆಯೆಂದೇ ನಿಮಗೆ ತಿಳಿಯದಲ್ಲ!"

"ತಿಳೀದೇನು? ನನ್ ಮೈಯಾಗೆ ಮದ್ದಿನ ವಾಸ್ನೆ ಐತೋ ಓಗೈತೋ ನಂಗ್ ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಮನೇಗ್ ಬಂದ್ರೂ ದೂರ ಕುಂತ್ಕೋತಿದ್ದೆ. ಮೊದ್ಲನೇ ದಿನ ಇದನ್ನ ಅಚ್ಕೊಂಡು ಒಳೀಕ್ ಓದ್ನಾ, ನಿಮ್ಮಕ್ಕ ಮಾಡೋ ಕೆಲ್ಸ ಬಿಟ್ಟು ಒಂದ್ ಗಳಿಗೆ ಅಂಗೇ ನಿಂತ್ಕೊಂಡ್ಳು. ದಿನಾ ಅಂಗೇ ನಿಲ್ತಾಳೆ. ಅದೇ ಕಣ್ಲಾ ಅದರ ವಾಸ್ನೆ."

ಹೆಮ್ಮೆಯಿಂದ ಬಾಟಲಿಯನ್ನು ನನ್ನ ಕೈಗಿತ್ತು, "ನೋಡು, ಇನ್ನೂ ಅರ್ಧ ಐತೆ" ಎಂದರು. ಮುಚ್ಚಳ ತಿರುಗಿಸಿ ಮೂಸಿದೆ. ಇನ್ನೊಮ್ಮೆ ಮೂಸಿದೆ. ಬೆರಳಿಗೆ ಸುರಿದುಕೊಂಡು ನೋಡಿದೆ. ಕೊಳಾಯಿ ನೀರು! ಹಗಲೆಲ್ಲ ಅವರ ಜೇಬಿನಲ್ಲಿರುವ ಬಾಟಲಿ ಸಂಜೆ ಸೇರುವುದು ಅಕ್ಕನ ಪೆಟ್ಟಿಗೆಗೆ. ಬೀಗದ ಕೈ ಅವಳ ಸೊಂಟದಲ್ಲಿ. ಗಂಡನ ಮೂಗಿನ ಸುದ್ದಿ ಅವಳಿಗೆ ಎಂದೋ ತಿಳಿದಿರಬೇಕು. ಫೋರ್‌ಮನ್ ಮಾತನಾಡಿದ ದಿನವೇ, ಮೇಸ್ತ್ರಿಗಿರಿ ಉಳಿಯಲೆಂದು, ಅವರಿಗೆ ಗೊತ್ತಾಗದೆಂಬ ಧೈರ್ಯದಿಂದ ಸೆಂಟನ್ನು ಚೆಲ್ಲಿ ನೀರು ತುಂಬಿದ್ದಳು.

"ಎಂಗೈತೆ?" ಎಂದರು ಭಾವನವರು.

"ಐವತ್ತು ವರ್ಷದ ತಿರುಳು, ಭಾವ" ಎಂದೆ. ನನ್ನ ಜೀವಮಾನದಲ್ಲಿ ತಪ್ಪು ಉತ್ತರವನ್ನು ತಿಳಿದೂ ತಿಳಿದೂ ನಾನೇ ಬರೆದದ್ದು ಅದೊಂದೇ ಸಲ.

ಮನೆಯಲ್ಲಿ ಅಕ್ಕ ಒಲೆಯ ಮುಂದೆ ಕುಳಿತು ರಾಗಿಮುದ್ದೆ ತಿರುವುತ್ತಿದ್ದಳು. ಹಿಟ್ಟು ಬೀಳುವ ಹೊತ್ತಿನಲ್ಲಿ ಕೈ ನಿಲ್ಲಿಸಬಾರದು. ನಿಲ್ಲಿಸಿದರೆ ಗಂಟು ಕಟ್ಟುತ್ತದೆ. ಭಾವನವರು ಬಾಗಿಲಲ್ಲಿ ತಲೆ ತಗ್ಗಿಸಿ, ಬೆವರನ್ನೂ ನೀಲಗಿರಿಯ ಹೊಟ್ಟನ್ನೂ ಹೊತ್ತುಕೊಂಡು ಒಳಗೆ ಹೆಜ್ಜೆಯಿಟ್ಟರು. ಪರೀಕ್ಷೆ ಏನಾಯಿತೆಂದು ಅವಳು ಕೇಳಲಿಲ್ಲ. ಕೋಲನ್ನು ಹಾಗೆಯೇ ಬಿಟ್ಟು ಎದ್ದಳು. ಕಣ್ಣು ಅರೆಮುಚ್ಚಿ, ನಿಧಾನವಾಗಿ ಒಂದು ಉಸಿರೆಳೆದುಕೊಂಡಳು. ಭಾವನವರು ಅವಳ ಮುಖವನ್ನೇ ನೋಡುತ್ತ ನಿಂತರು.

ಆವತ್ತಿನ ಮುದ್ದೆಯ ತುಂಬ ಗಂಟು. ಮೂವರೂ ಉಂಡೆವು, ಯಾರೂ ಆ ಮಾತನ್ನೆತ್ತಲಿಲ್ಲ.