ಕೂಪೆ ಕಾರಿನ ನಾಲ್ಕನೆಯ ಪ್ರಯಾಣಿಕ

ನನ್ನ ಮಗಳನ್ನು ನೋಡಲು ಬರುವವರು ಎಸ್.ಟಿ. ಬಸ್ಸಿನಲ್ಲಿ ಬರಕೂಡದು! ಸೋಲಾಪುರದ ಚಾದರ ವ್ಯಾಪಾರಿ ರಾಚಪ್ಪ, ಅಂದರೆ ಸಾಕ್ಷಾತ್ ನಾನೇ, ಎಪ್ಪತ್ತನಾಲ್ಕನೇ ಇಸವಿಯಲ್ಲಿ ಮಾಡಿದ ಭೀಷ್ಮಪ್ರತಿಜ್ಞೆ ಇದು. ಹುಡುಗನ ತಂದೆ, ಅಕ್ಕಲಕೋಟೆಯ ಸಾತಲಿಂಗಪ್ಪನವರು, ಪತ್ನೀಸಮೇತ ನನ್ನ ಅಮೆರಿಕನ್ ಕಾರಿನಲ್ಲೇ ಆಗಮಿಸಬೇಕು, ಇಳಿಯುವ ಮೊದಲೇ ‘ಹುಡುಗಿ ಪಸಂದ’ ಎನ್ನಬೇಕು!

ಈ ಸಂಬಂಧ ಕೂಡಿ ಬರಲೆಂದು ನನ್ನ ಹೆಂಡತಿ ನೀಲಗಂಗಾ ವರ್ಷದಿಂದ ಸೋಮವಾರ ಉಪವಾಸ ಹಿಡಿದಿದ್ದಳು. ಹುಡುಗ ಬ್ಯಾಂಕಿನವನು, ಮನೆತನ ದೊಡ್ಡದು. ನಮ್ಮ ಸುಮಿತ್ರಾಳಿಗೂ ಒಳಗೊಳಗೇ ಆಸೆ ಇತ್ತು. ಹೆಂಡತಿಯ ಉಪವಾಸದ ಪುಣ್ಯಕ್ಕೆ ನನ್ನ ಕಾರಿನ ವೇಗವೂ ಸೇರಿದರೆ ಕೇಳಬೇಕೆ?

ಕಾರನ್ನು ನಾನು ಒಬ್ಬ ಜಹಗೀರದಾರರ ವಾಡೆಯ ಹಿತ್ತಲಿನಿಂದ ತಂದಿದ್ದೆ. ಎರಡೇ ಬಾಗಿಲಿನ ಕೂಪೆ. ಹಿಂದಿನ ಸೀಟಿನಲ್ಲಿ ಕೋಳಿಗಳು ಸಂಸಾರ ಹೂಡಿದ್ದವು.

“ಎರಡ ಬಾಗಲಾ?” ನೀಲಗಂಗಾ ಸುತ್ತು ಹಾಕಿ ನೋಡಿದಳು. “ಉಳದ ಎರಡು ಕೋಳಿ ತಿಂದುವೇನ್ರೀ?”

“ಕೂಪೆ ಅಂದ್ರ ಹಂಗ ಇರ್ತದ! ಅಮೆರಿಕಾದಾಗ ದೊಡ್ಡಮಂದಿ ಇದರಾಗ ಅಡ್ಡಾಡ್ತಾರ!”

“ಅವರಿಗೆ ಬೀಗರು ನೆಂಟರು ಇರಾಕಿಲ್ಲ ಕಾಣ್ತದ.”

ನಾನು ಸೊಪ್ಪು ಹಾಕಲಿಲ್ಲ. ಮೆಕ್ಯಾನಿಕ್ ಧರೆಪ್ಪ ಆರು ತಿಂಗಳು ಅದನ್ನು ಬಿಚ್ಚಿದ, ಕೂಡಿಸಿದ, ಮತ್ತೆ ಬಿಚ್ಚಿದ. ಹೊಸ ಇಂಜಿನ್, ಜೋಡಿ ಕಾರ್ಬುರೇಟರ್, ಅಗಲವಾದ ಟಾಯರು, ಲಾರಿಯ ಹಾರ್ನು! ಹ್ಯಾಂಡ್‌ಬ್ರೇಕ್ ಇದ್ದ ಜಾಗದಲ್ಲಿ ನನ್ನ ಅಪ್ಪಣೆಯಂತೆ ರೇಡಿಯೊ ಬಂತು. ಇಂಜಿನ್ ನಡುವೆ ಬಂದ್ ಬೀಳಬಾರದೆಂದು, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೂ ಕಾರು ಓಡುತ್ತಲೇ ಇರುವಂತೆ ಮಾಡಿಕೊಟ್ಟ.

“ಸಾವಕಾರ್ರ, ಇನ್ನ ರೆಕ್ಕಿ ಹಚ್ಚೂದಷ್ಟ ಬಾಕಿ!” ಎಂದ ಪುಣ್ಯಾತ್ಮ.

ಅಕ್ಕಲಕೋಟೆ ತಲುಪಿದ್ದು ರಾಜಗಾಂಭೀರ್ಯದಿಂದ. ಸಾತಲಿಂಗಪ್ಪನವರು ಮುಂದೆ ನನ್ನ ಪಕ್ಕ ಕುಳಿತರು. ಸೀಟು ಮಡಚಿ ಅವರ ಪತ್ನಿ ಕಸ್ತೂರಬಾಯಿಯವರನ್ನು ಹಿಂದಕ್ಕೆ ತೂರಿಸಿದ್ದೂ ಆಯಿತು. ಹೊರಡಬೇಕು, ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅವರ ಕೂಗು:

“ಅಗಬಾಯಿ! ತಡೀರಿ! ನಾವು ಮೂರ ಮಂದಿ ಆದಿವಲ್ಲ! ಶುಭ ಕೆಲಸಕ್ಕ ಮೂವರು ಹೋಗ್ತಾರೇನ್ರೀ?”

“ನನ್ನ ಡ್ರೈವರ್ ಅಂತ ಬಿಟ್ಟಬಿಡ್ರಿ ಅಕ್ಕಾರ.”

“ನೀವು ಹುಡುಗಿ ಅಪ್ಪ. ನಿಮ್ಮನ್ನ ಹೆಂಗ ಬಿಡೂದು? ಒಂದು ಕಲ್ಲರ ತಗೊಂಡು ನಾಲ್ಕು ಮಾಡ್ರಿ.”

ಪದ್ಧತಿಯೇ ಪದ್ಧತಿ! ಅಂಗಳದಿಂದ ಒಂದು ಗುಂಡಗಿನ ಕಲ್ಲು ಬಂತು. ಅದನ್ನು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಸಾತಲಿಂಗಪ್ಪನವರ ತೊಡೆಯ ಮೇಲೆ ಪ್ರತಿಷ್ಠಾಪಿಸಿದರು. ನಾಲ್ಕನೆಯ ಪ್ರಯಾಣಿಕ ಟಿಕೀಟಿಲ್ಲದೆ ಹೊರಟ.

ಸೋಲಾಪುರ ಇನ್ನೇನು ಬಂತು ಎನ್ನುವಾಗ ಮುಂದೆ ಎಸ್.ಟಿ. ಬಸ್ಸು ಕಂಡಿತು. ಬಸ್ಸಿನ ಹಿಂದೆ ಧೂಳು ತಿನ್ನುವುದಕ್ಕೇ ಜೋಡಿ ಕಾರ್ಬುರೇಟರ್ ಹಾಕಿಸಿದ್ದೆನೆ? ಒತ್ತಿದೆ! ಕಾರು ನೆಗೆಯಿತು! ಸಾತಲಿಂಗಪ್ಪನವರು “ಶಿವಾ!” ಎಂದು ಎರಡೂ ಕೈಯಿಂದ ಮುಂದಿನ ಹಲಗೆ ಹಿಡಿದರು. ತೊಡೆಯ ಮೇಲಿನ ಕಲ್ಲು ಉರುಳಿ, ನೆಟ್ಟಗೆ ನನ್ನ ಬ್ರೇಕಿನ ಕೆಳಗೆ ಹೋಗಿ ಕುಳಿತಿತು.

ಊರಬಾಗಿಲಿನ ಸುಂಕದ ಕಟ್ಟೆ, ಜಕಾತಿ ನಾಕಾ ಬಂತು. ಬ್ರೇಕ್ ಒತ್ತಿದೆ. ಬ್ರೇಕ್ ಕೂದಲೆಳೆಯಷ್ಟೂ ಇಳಿಯಲಿಲ್ಲ! ನಾಕಾದ ಸಿಪಾಯಿಗೆ ಕೈಮುಗಿದು ಮುಂದೆ ಹೋದೆ. ಅವನು ಸೀಟಿ ಊದುತ್ತ ಸೈಕಲ್ ಹತ್ತಿ ಬೆನ್ನುಬಿದ್ದ.

“ಕಲ್ಲು ತಗೀರಿ ಸಾತಲಿಂಗಪ್ಪನವರ! ಹೊರಗ ಒಗೀರಿ!”

ಅವರು ಬಗ್ಗಿದರು. ಹಿಂದಿನಿಂದ ಕಸ್ತೂರಬಾಯಿ ಗುಡುಗಿದರು: “ಒಗದೀರಿ ಹುಷಾರ್! ಮತ್ತ ಮೂರ ಮಂದಿ ಆಗ್ತೀವಿ!”

ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ, ತಕ್ಷಣ ನೆಟ್ಟಗೆ ಕುಳಿತುಬಿಟ್ಟರು.

ಮನೆ ಬಂತು. ಬಾಗಿಲಲ್ಲಿ ನೀಲಗಂಗಾ ಆರತಿ ಹಿಡಿದು ನಗುತ್ತಿದ್ದಳು. ನಾವು ಅವಳ ಮುಂದೆಯೇ ಹಾದುಹೋದೆವು. ಗಲ್ಲಿ ಸುತ್ತಿ ಮತ್ತೆ ಬಂದೆವು. ಆರತಿ ಆರಿತ್ತು, ನಗುವೂ ಆರಿತ್ತು. “ನಿಂದ್ರಸ್ರೀ!” ಎಂದು ಕೂಗಿದಳು. “ನಿಂದ್ರವಲ್ಲದು!” ಎಂದು ನಾನು ಕೂಗಿದೆ. ಸಿಪಾಯಿಯೂ ಸೀಟಿಯೂ ನಮ್ಮ ಹಿಂದೆಯೇ. ಈ ಸಂಬಂಧ ಮುರಿಯಿತು, ಮಗಳ ಮುಖ ಇನ್ನು ಹೇಗೆ ನೋಡಲಿ ಎಂದು ನನಗೆ ಅಳುವೇ ಬಂತು.

ಮುಂದಿನ ಸುತ್ತಿಗೆ ಬರುವಷ್ಟರಲ್ಲಿ ರಸ್ತೆಗೆ ಅಡ್ಡವಾಗಿ ನನ್ನದೇ ಚಾದರದ ಗಂಟುಗಳು! ಸುಮಿತ್ರಾ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಡಿಯ ಹಮಾಲರಿಗೆ ಹುಕುಂ ಕೊಡುತ್ತಿದ್ದಳು: “ಇಕಡಿ ಇನ್ನೊಂದು! ಆಕಡಿ ಇನ್ನೆರಡು!” ಕಾರು ಗಂಟುಗಳ ನಡುವೆ ಮೂತಿ ತೂರಿಸಿ ನಿಂತಿತು. ನಿಂತರೂ ಅದರ ಗುರುಗುಟ್ಟುವಿಕೆ ಮಾತ್ರ ನಿಲ್ಲಲಿಲ್ಲ. ನೀಲಗಂಗಾ ಬಂದು, ಕಿಟಕಿಯಲ್ಲಿ ಕೈ ಹಾಕಿ, ಕಿಲ್ಲಿ ತಿರುವಿದಳು. ಇಂಜಿನ್ ಗಪ್ಪಾಯಿತು.

“ಇಷ್ಟ ಇತ್ತಲ್ಲರೀ,” ಎಂದಳು.

ಇತ್ತು! ಅದು ನನಗೆ ಹೊಳೆಯಬೇಕಿತ್ತಲ್ಲ!

ಎರಡೂ ಬಾಗಿಲಿಗೆ ಗಂಟು ಅಡ್ಡ. ಹೀಗಾಗಿ ಕನ್ಯಾ ನೋಡುವ ಶಾಸ್ತ್ರ ಕಿಟಕಿಯಿಂದಲೇ ನಡೆಯಿತು. ಸುಮಿತ್ರಾ ತಲೆಯ ಮೇಲೆ ಸೆರಗು ಹೊದ್ದು, ಕಿಟಕಿಯಲ್ಲಿ ಚಹಾ ಕೊಟ್ಟಳು. ಕಸ್ತೂರಬಾಯಿ ಕುಡಿದರು. ಹುಡುಗಿಯನ್ನು ನೋಡಿದರು, ಗಂಟುಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ಎಲ್ಲಾ ಬರಾಬರ್ ಅದ. ಒಂದ ಮಾತು ಕೇಳ್ತೀನಿ ರಾಚಪ್ಪನವರ, ಖರೇ ಹೇಳ್ರಿ. ಬುದ್ಧಿಯೊಳಗ ಈಕಿ ಅವ್ವನ್ಹಂಗೋ, ನಿಮ್ಮಂಗೋ?”

ಗಲ್ಲಿಗೆ ಗಲ್ಲಿಯೇ ಕಿವಿ ನಿಮಿರಿಸಿತು. ನಾಕಾದ ಸಿಪಾಯಿ ಕೂಡ ಸೀಟಿ ಬಾಯಲ್ಲಿಟ್ಟುಕೊಂಡು ಉತ್ತರಕ್ಕೆ ಕಾದು ನಿಂತ.

ನಾನು ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಜೋಡಿಸಿದೆ.

“ಅವ್ವನ್ಹಂಗರೀ ಅಕ್ಕಾರ! ಪೂರಾ ಅವ್ವನ್ಹಂಗ! ನನ್ನ ಬುದ್ಧಿ ಗುಂಜಿಯಷ್ಟೂ ಬಂದಿಲ್ಲರಿ!”

“ಹಂಗಾದ್ರ ಸಂಬಂಧ ಗಟ್ಟಿ. ಸಕ್ರಿ ತರ್ರಿ,” ಎಂದರು ಕಸ್ತೂರಬಾಯಿ.