ಚಿನ್ನದ ಪಿನ್ನು

ಗುಮಾಸ್ತನ ಮನೆಯ ರೇಡಿಯೊ ಗೊರಗೊರ ಎನ್ನುವುದು ಹೊಸದೇನಲ್ಲ. ಆದರೆ ಆ ದಿನ ಸಂಜೆ ಅದರಲ್ಲಿ ಹಾಡುವವಳು ಅವನ ಹೆಂಡತಿ. ಮೊದಲ ಸಲ, ಅದೂ ನೇರ ಪ್ರಸಾರ.

"ನನ್ನ ದನಿ ಕಾದ ಬಾಣಲೆಗೆ ನೀರು ಬಿದ್ದ ಹಾಗೆ ಕೇಳಿಸ್ತೋ, ಮತ್ತೆ ಈ ಮನೇಲಿ ಹಾಡೋಕೆ ಬಾಯಿ ತೆಗೆಯಲ್ಲ," ಎಂದು ಬೆಳಿಗ್ಗೆಯೇ ಹೇಳಿ ಹೊರಟಳು. ಬಾಗಿಲಲ್ಲಿ ನಿಂತು ಸೇರಿಸಿದಳು: "ಆ ಮದುವೆ ಉಂಗುರ ನಿಮ್ಮ ಬೆರಳಲ್ಲಿ ನಿಲ್ತಿಲ್ಲ, ಎಲ್ಲಾದ್ರೂ ಬಿದ್ದುಹೋಗುತ್ತೆ. ಅಪ್ಪನ ಹತ್ರ ಕೊಟ್ಟು ಬಿಗಿ ಮಾಡಿಸ್ಕೊಳ್ಳಿ."

ಅಪ್ಪ ಅಂದರೆ ಪಕ್ಕದ ಮನೆಯ ಅಕ್ಕಸಾಲಿಗ ಮಾವ. ಗುಮಾಸ್ತ ಆಫೀಸಿಗೆ ಹೋಗುವಾಗಲೇ ಉಂಗುರ ಅವರ ಕೈಗೆ ಹಾಕಿದ.

ಗೊರಗೊರ ತಂತಿಯ ತಪ್ಪು. ರೇಡಿಯೊದಿಂದ ಸ್ಪೀಕರ್ ಪೆಟ್ಟಿಗೆಗೆ ಹೋಗುವ ತಂತಿಯ ತುದಿಯ ಎರಡು ಪಿನ್ನುಗಳೂ ತುಕ್ಕು ಹಿಡಿದಿದ್ದವು. ಅವನ್ನು ಕತ್ತರಿಸಿ ತಂದು ಆಫೀಸಿನಲ್ಲಿ ತೋರಿಸಿದ್ದೇ ಎಡವಟ್ಟಾಯಿತು.

"ಬೆಳ್ಳಿ ಲೇಪದ್ದು ತಗೊಳ್ರೀ," ಎಂದರು ಹೆಡ್ ಗುಮಾಸ್ತರು. "ಕರೆಂಟು ಅದರಲ್ಲಿ ಹರಿದಷ್ಟು ಸಲೀಸಾಗಿ ಎಲ್ಲೂ ಹರಿಯಲ್ಲ."

"ಬೆಳ್ಳಿ ಕಪ್ಪಾಗುತ್ತೆ," ಎಂದಳು ಕ್ಯಾಷಿಯರ್. "ಚಿನ್ನದ ಲೇಪ ಹಾಕಿಸಿ. ದುಡ್ಡು ಹೆಂಡತಿ ದನಿಗಿಂತ ಹೆಚ್ಚಾ?"

ಇಬ್ಬರ ಜಗಳದಲ್ಲಿ ಮಧ್ಯಾಹ್ನದವರೆಗೆ ಒಂದು ಕಡತವೂ ಕದಲಲಿಲ್ಲ. ರೇಡಿಯೊ ಅಂಗಡಿಯವನು "ನಿಕಲ್ ಸಾಕು ಸಾರ್, ಆಗಾಗ ಒರೆಸ್ತಾ ಇರಿ" ಎಂದ. ಹೆಂಡತಿಯ ದನಿಗೆ ನಿಕಲ್ ಎನ್ನಲು ಗುಮಾಸ್ತನಿಗೆ ಬಾಯಿ ಬರಲಿಲ್ಲ. ಚಿನ್ನದ ಲೇಪದ್ದೇ ಎರಡು ಕೊಂಡು, ಬೆಸುಗೆ ಹಾಕಿಸಲು ಸೀದಾ ಮಾವನ ಬಳಿ ಬಂದ.

"ಇದು ಚಿನ್ನ ಅಂತ ಯಾರು ಹೇಳಿದ್ದು?" ಎಂದರು ಮಾವ. ಅವರ ಕೈಗೆ ಹಳದಿ ಬಂದದ್ದೆಲ್ಲ ಮೊದಲು ಒರೆಗಲ್ಲಿಗೆ ಹೋಗಬೇಕು. ಗುಮಾಸ್ತ ತಡೆಯುವುದರೊಳಗೆ ಉಜ್ಜಿಯೇ ಬಿಟ್ಟರು. ಎರಡು ಉಜ್ಜಿಗೆ ಹಿತ್ತಾಳೆ ಹಲ್ಲು ಕಿರಿಯಿತು. ಅನುಮಾನ ತೀರದೆ ಇನ್ನೊಂದನ್ನೂ ಉಜ್ಜಿದರು. "ನೋಡಿದ್ಯಾ? ಶುದ್ಧ ಮೋಸ!"

"ಮಾವ, ಅದು ಬರೀ ಲೇಪ..."

"ನನ್ನ ಮಗಳ ದನಿ ಹಿತ್ತಾಳೆ ಮೇಲೆ ಬರಬೇಕಾ? ನೀನು ಮನೆಗೆ ನಡಿ. ನಾನು ಬರ್ತೀನಿ."

ಹಾಡಿನ ಹೊತ್ತು ಹತ್ತಿರವಾದಾಗ ಬಂದರು. ಪಿನ್ನುಗಳಿಗೆ ಅಪ್ಪಟ ಚಿನ್ನದ ತಗಡು ಹೊದಿಸಿದ್ದರು. ಕೆಲಸ ಬಹಳ ಚೆನ್ನಾಗಿತ್ತು. ಒಂದೇ ತೊಂದರೆ, ಬಸುರಿ ಬೆಕ್ಕಿನಂತೆ ಊದಿಕೊಂಡಿದ್ದ ಅವು ಪೆಟ್ಟಿಗೆಯ ತೂತಿನೊಳಗೆ ಹೋಗಲಿಲ್ಲ. ತಿರುಗಿಸಿದರು, ತಳ್ಳಿದರು, ಎಣ್ಣೆ ಹಚ್ಚಿದರು. ಊಹೂಂ.

"ಮಾವ, ಇಷ್ಟೊಂದು ಚಿನ್ನ ಎಲ್ಲಿತ್ತು?"

"ನೀನೇ ಬೆಳಿಗ್ಗೆ ಕೊಟ್ಟೆಯಲ್ಲ."

"ಅಯ್ಯೋ, ಅದು ಬಿಗಿ ಮಾಡೋಕೆ!"

"ಈಗ ಬಿಗಿಯಾಗೇ ಇದೆಯಲ್ಲ," ಎಂದರು ಮಾವ ಇನ್ನೊಮ್ಮೆ ತಳ್ಳುತ್ತ.

ಪೆಟ್ಟಿಗೆಯಿಲ್ಲದೆ ರೇಡಿಯೊ ಮೂಕ. ಗುಮಾಸ್ತ ಎದುರುಮನೆಗೆ ಓಡಿದ. ಅಲ್ಲಿಯ ಡ್ರಿಲ್ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ, "ಎಂಥ ಹಾಡು ಕಣಯ್ಯಾ! ಈಗ ತಾನೇ ಮುಗೀತು" ಎಂದರು. ಅವನಿಗೆ ಅಳುವೇ ಬಂತು.

ವಾಪಸು ಬಂದಾಗ ಮಾವ ಪಿನ್ನುಗಳಿಗೆ ಸಣ್ಣ ಕೊಕ್ಕೆ ಸೇರಿಸಿ ಡಬ್ಬಿಯಲ್ಲಿಡುತ್ತಿದ್ದರು. "ಪೆಟ್ಟಿಗೆ ತೂತಿಗೆ ಹೋಗದಿದ್ರೆ ಕಿವಿ ತೂತಿಗೆ ಹೋಗುತ್ತೆ. ಮಗಳ ಹತ್ರ ಪಿನ್ನಿನ ವಿಷಯ ಬಾಯಿ ಬಿಡಬೇಡ."

ಹೆಂಡತಿ ಬಂದವಳೇ ಕೇಳಿದಳು. "ಹೇಗಿತ್ತು? ಗೊರಗೊರ ಇತ್ತಾ?"

"ಒಂದು ಚೂರೂ ಇರ್ಲಿಲ್ಲ," ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಡಬ್ಬಿ ತೆರೆದ ಅವಳ ಕಣ್ಣು ತುಂಬಿ ಬಂತು. "ಓಲೆ! ನನಗಾ?" ಎಂದು ಕನ್ನಡಿಯ ಮುಂದೆ ನಿಂತು ಹಾಕಿಕೊಂಡಳು. ಗುಮಾಸ್ತ ಬದುಕಿದೆ ಎಂದುಕೊಂಡ. ಆಗ ಕನ್ನಡಿಯಲ್ಲಿ ಅವಳಿಗೆ ಅವನ ಬರಿಬೆರಳು ಕಂಡಿತು.

"ಉಂಗುರ ಎಲ್ಲಿ? ಅಪ್ಪಾ, ನೀನಿನ್ನೂ ಕೊಟ್ಟಿಲ್ವಾ?"

ಮಾವ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. "ನನ್ನ ಕೆಲಸ ಮುಗಿಸಿ ಕೊಟ್ಟಾಯ್ತಮ್ಮ. ಆಮೇಲೆ ಎಲ್ಲಿ ಕಳ್ಕೊಂಡನೋ, ಅವನನ್ನೇ ಕೇಳು."

"ಬಿದ್ದುಹೋಗುತ್ತೆ ಅಂತ ಬೆಳಿಗ್ಗೇನೇ ಬಡ್ಕೊಂಡೆ! ನನ್ನ ಮಾತು ಯಾವತ್ತಾದ್ರೂ ಕಿವಿಗೆ ಹಾಕ್ಕೊಂಡಿದ್ದೀರಾ?" ಎಂದು ಅವಳು ಸಿಟ್ಟಿನಿಂದ ತಲೆ ಕೊಡವಿದಳು. ಉಂಗುರ ಅವಳ ಎರಡೂ ಕಿವಿಗಳಲ್ಲಿ ಮಿಣಮಿಣ ತೂಗಾಡಿತು.